ಬಾಯಿ ಕಟ್ಟಿದವಳ ಸೋಬಾನೆ

ಗಂಗಾಲಕ್ಷ್ಮಿಯ ಬಾಯಿಯನ್ನು ಹಟ್ಟಿಯ ಜನ ನೋಡಿ ವರ್ಷಗಳಾಗಿದ್ದವು. ಮುಂದಿನ ಹಲ್ಲು ಬಿದ್ದಿವೆ ಎಂದು ಒಬ್ಬರು, ತುಟಿಗೆ ತೊನ್ನು ಹಬ್ಬಿದೆ ಎಂದು ಇನ್ನೊಬ್ಬರು. ಟಿ.ಬಿ. ಎನ್ನುವವರು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದರು. ಬರಗೂರಿನಿಂದ ಶಿರಾಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಕೂತ ಸೀಟಿನ ಇನ್ನರ್ಧ ಖಾಲಿ ಬಿದ್ದಿದ್ದರೂ ಜನ ಕಂಬಿ ಹಿಡಿದು ಜೋತಾಡುತ್ತಲೇ ಹೋಗುತ್ತಿದ್ದರು. ಇವರ ಕೆಮ್ಮು ತನಗೆ ತಗಲಬಾರದೆಂದು ಅವಳು ಮುಖ ಮುಚ್ಚಿಕೊಂಡಿದ್ದರೆ, ಅವಳ ರೋಗ ತಮಗೆ ತಗಲೀತೆಂದು ಇವರು ಹೆದರುತ್ತಿದ್ದರು. ಯಾರೂ ಹತ್ತಿರ ಬರದಿದ್ದರೆ ಅವಳಿಗೆ ಕ್ಷೇಮವೇ. ಆ ಕ್ಷೇಮಕ್ಕೆ ನಗಬೇಕೋ ಅಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ಸಂಗತಿ ಮುಚ್ಚಿಡುವಂಥದ್ದೇನೂ ಅಲ್ಲ. ನಲವತ್ತು ದಾಟಿದ ಮೇಲೆ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ಪಾವಗಡದ ಕಡೆಗೆ ಮದುವೆಯಾಗಿ ಹೋಗಿದ್ದ ಅಕ್ಕ ತನ್ನದೊಂದನ್ನು ಕೊಟ್ಟಳು. ಬೇರೆಯವರ ಅಂಗವನ್ನು ಮೈ ತನ್ನದೆಂದು ಒಪ್ಪುವುದಿಲ್ಲ, ಒದ್ದು ಆಚೆ ಹಾಕಲು ನೋಡುತ್ತದೆ. ಹಾಗೆ ಒದೆಯದಿರಲಿ ಎಂದು ಮೈಯ ಕಾವಲುಗಾರನನ್ನೇ ಮಲಗಿಸುವ ಮಾತ್ರೆಯನ್ನು ಬೆಳಿಗ್ಗೆ ಸಂಜೆ ನುಂಗಬೇಕು, ಉಸಿರಿರುವವರೆಗೂ. ಕಾವಲುಗಾರ ಮಲಗಿದ ಮನೆಗೆ ಯಾರು ಬೇಕಾದರೂ ನುಗ್ಗಬಹುದು. ಊರಿನವರ ನೆಗಡಿ ಅವಳ ಪಾಲಿಗೆ ನ್ಯುಮೋನಿಯಾ. ಜನ ಸೇರುವ ಕಡೆ ಮಾಸ್ಕ್ ಬಿಡಬೇಡಮ್ಮ ಎಂದು ಡಾಕ್ಟರು ಹೇಳಿದ್ದರು. ಅಷ್ಟೇ ವಿಷಯ. ಇದನ್ನು ಕೇಳಿದವರಿಗೆಲ್ಲ ಅವಳು ಹೇಳಿದಳು. ಕೇಳಿದವರು ಅಯ್ಯೋ ಪಾಪ ಅಂದರು, ಆಚೆ ಹೋಗಿ ಟಿ.ಬಿ. ಅಂದರು.

ಕರೋನಾ ಬಂದ ಕಾಲದಲ್ಲಿ ಅವಳಿಗೆ ಒಂದು ಬಗೆಯ ಸಮಾಧಾನವಿತ್ತು ಎಂದರೆ ಯಾರೂ ತಪ್ಪು ತಿಳಿಯಬಾರದು. ಊರಿಗೆ ಊರೇ ಮೂತಿ ಮುಚ್ಚಿಕೊಂಡಿತ್ತು. ಮನೆಯ ಜಗಲಿಯಲ್ಲಿ ರವಿಕೆ ಹೊಲಿಯುವ ಮಿಷನ್ನಿಟ್ಟುಕೊಂಡಿದ್ದ ಗಂಗಾಲಕ್ಷ್ಮಿಯೇ ಹಟ್ಟಿಗೆಲ್ಲ ಮಾಸ್ಕ್ ಹೊಲಿದುಕೊಟ್ಟಳು. ದಂಡ ಹಾಕುವುದು ನಿಂತ ದಿನವೇ ಜನ ಅದನ್ನು ಕಿತ್ತು ಬಿಸಾಕಿದರು. ಅವಳು ಹೊಲಿದ ಮಾಸ್ಕು ಒಬ್ಬರ ಮನೆಯಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆಗೆ ಮುಚ್ಚಳವಾಗಿತ್ತು, ಇನ್ನೊಬ್ಬರ ಕುರಿಮರಿಯ ಮೂತಿಗೆ ಕುಕ್ಕೆಯಾಗಿತ್ತು. ಹಾಲಿಗೆ ಧೂಳು ಬೀಳಬಾರದು, ಮರಿ ಮಣ್ಣು ತಿನ್ನಬಾರದು. ಅದೆಲ್ಲ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬ ಹೆಂಗಸು ಬದುಕಿರಬೇಕು ಎಂಬುದಷ್ಟೇ ಅರ್ಥವಾಗುವುದಿಲ್ಲ.

ಹಾಗೆಂದು ಅವಳು ಮೂಲೆ ಹಿಡಿದು ಕೂರುವ ಪೈಕಿಯಲ್ಲ. ಅವಳ ಜೀವವೆಲ್ಲ ಇದ್ದದ್ದು ಹಾಡಿನಲ್ಲಿ. ಚಪ್ಪರ ಹಾಕುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಯಾವ ಶಾಸ್ತ್ರಕ್ಕೆ ಯಾವ ಸೋಬಾನೆ ಎಂಬುದು ಅವಳ ನಾಲಿಗೆಯ ಮೇಲಿತ್ತು. ಶಿರಾ, ಮಧುಗಿರಿ, ಕೊರಟಗೆರೆ ಸೀಮೆಯಲ್ಲೆಲ್ಲ ಅವಳನ್ನು ಕರೆಸಿ ಮದುವೆಗೆ ಕಳೆ ಕಟ್ಟಿಸಿಕೊಂಡವರಿದ್ದರು. ಮೈ ಚೇತರಿಸಿಕೊಂಡ ಮೇಲೆ ಅವಳು ಮೊದಲು ಮಾಡಿದ ಕೆಲಸ ಮಾಸ್ಕಿನೊಳಗೆ ಹಾಡುವುದನ್ನು ಕಲಿತದ್ದು. ಬಟ್ಟೆಯ ಮಾಸ್ಕು ಉಸಿರೆಳೆದಾಗಲೆಲ್ಲ ತುಟಿಗೆ ಅಂಟಿ ಸಾಲನ್ನೇ ನುಂಗಿಹಾಕುತ್ತಿತ್ತು. ಗಿಳಿಮೂತಿಯ ಹಾಗೆ ಮುಂದಕ್ಕೆ ಚಾಚಿಕೊಂಡ ಗಟ್ಟಿ ಮಾಸ್ಕು ಸಿಕ್ಕಿದ ಮೇಲೆ ತುಟಿ ಆಡಿಸಲು ಜಾಗವಾಯಿತು. ಮೈಕನ್ನು ಇನ್ನಷ್ಟು ಹತ್ತಿರ ಹಿಡಿದರೆ ದನಿ ದಾಟುತ್ತದೆಂದು ಕಂಡುಕೊಂಡಳು. ಉಟ್ಟ ಸೀರೆಗೆ ಒಪ್ಪುವ ರವಿಕೆಯ ಚೂರಿನಲ್ಲಿ ಅದರ ಮೇಲೊಂದು ತೆಳು ಹೊದಿಕೆ ಹೊಲಿದು ತೊಡಿಸುತ್ತಿದ್ದಳು. ಹಸಿರು ಸೀರೆಗೆ ಹಸಿರು ಮಾಸ್ಕು, ಕೆಂಪಿಗೆ ಕೆಂಪು. ಗಂಡ ರಾಜಣ್ಣ ಕುರಿ ಹೊಡೆದುಕೊಂಡು ಹೊರಡುವಾಗ ನೋಡಿ, "ಮೂತಿಗೂ ಮ್ಯಾಚಿಂಗಾ?" ಅನ್ನುತ್ತಿದ್ದ.

ಆದರೆ ಕರೆಯುವವರು ಕಡಿಮೆಯಾದರು. ಮಧುಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ವಿಡಿಯೋದವನು ನೇರ ಅವಳ ಮುಂದೆ ಬಂದು ನಿಂತ.

"ಆಂಟಿ, ಅದನ್ನ ತೆಗೀರಿ. ಆಲ್ಬಮ್ ನೋಡಿದ್ರೆ ಆಸ್ಪತ್ರೇಲಿ ಮದ್ವೆ ಆದಂಗೆ ಕಾಣ್ತದೆ."

"ಅಲ್ಲೇ ಆದ್ರೇನಪ್ಪ, ಬಾಣಂತನ ಮುಗಿಸ್ಕಂಡೇ ಮನೆಗೋಗ್ಬೋದು," ಅಂದಳು ಗಂಗಾಲಕ್ಷ್ಮಿ.

ಸುತ್ತಲಿದ್ದ ಹೆಂಗಸರು ನಕ್ಕರು. ನಕ್ಕವರೇ ಮುಂದಿನ ಮದುವೆಗೆ ಅವಳನ್ನು ಬಿಟ್ಟು ಮೊಬೈಲಿನ ಹಾಡು ಹಾಕಿಸಿದರು. ಆ ವರ್ಷ ಅವಳು ಹಾಡಿದ್ದೆಲ್ಲ ಹೊಲಿಗೆ ಮಿಷನ್ನಿಗೆ.

ಹೀಗಿರುವಾಗ ಹಟ್ಟಿಯಲ್ಲಿ ಕುಲದೇವರ ಪೂಜೆ ಬಂತು. ಆ ದಿನ ಮೀಸಲು ಅನ್ನ ಬೇಯಿಸುವವರೂ ದೇವರ ಹತ್ತಿರ ಹೋಗುವ ಪೂಜಾರಿ ಜುಂಜಪ್ಪನೂ ಬಾಯಿಗೆ ಮಡಿಬಟ್ಟೆ ಕಟ್ಟಿಕೊಳ್ಳುತ್ತಾರೆ. ಉಸಿರು, ಎಂಜಲು ಎಡೆಗೆ ಸೋಕಬಾರದು. ಬಾಯಿಂದ ಹನಿ ಹಾರುತ್ತದೆ, ಹಾರಿದ್ದು ಸೋಕುತ್ತದೆ ಎಂಬ ಜ್ಞಾನ ನಮ್ಮ ಜನಕ್ಕೆ ತಾತನ ಕಾಲದಿಂದ ಇದೆ. ದೇವರಿಗೆ ಸೋಕಬಾರದು ಎಂದರೆ ಮಡಿ, ಪಕ್ಕದ ಮನೆಯವಳಿಗೆ ಸೋಕಬಾರದು ಎಂದರೆ ಅವಳ ದೌಲತ್ತು. ಅದಿರಲಿ. ಗಂಗಾಲಕ್ಷ್ಮಿ ಆ ದಿನ ಅರಿಶಿನ ಬಣ್ಣದ ಸೀರೆ ಉಟ್ಟಿದ್ದಳು, ಮಾಸ್ಕಿಗೂ ಅರಿಶಿನದ ಹೊದಿಕೆ. ತೋವಿನಕೆರೆಯಿಂದ ಮೊಮ್ಮಗಳ ಮನೆಗೆ ಬಂದಿದ್ದ ಗಿರಿಯಮ್ಮ ಎಂಬ ಮುದುಕಿ ಅವಳನ್ನೇ ದಿಟ್ಟಿಸಿ ನೋಡಿ ಪಕ್ಕಕ್ಕೆ ಬಂದು ಕೂತಳು.

"ಯಾವ ದೇವ್ರಿಗವ್ವ ಬಾಯಿ ಕಟ್ಟಿರೋದು?"

ಗಂಗಾಲಕ್ಷ್ಮಿ ತಿರುಗಿ ನೋಡಿದಳು.

"ನಮ್ಮಜ್ಜಿ ಹೇಳೋಳು. ಹಿಂದ್ಲೋರು ಇಂಗೇ ಹರಕೆ ಹೊತ್ಕಂಡು ವರ್ಸಗಟ್ಲೆ ಬಾಯಿ ಕಟ್ಕಂಡು ಇರೋರಂತೆ. ನಾನು ಕಂಡಿರ್ಲಿಲ್ಲ. ಇವತ್ತು ಕಂಡಂಗಾಯ್ತು."

ಇದು ಕಾಯಿಲೆ ಕಣಜ್ಜಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ಮುದುಕಿ ಅಯ್ಯೋ ಪಾಪ ಅನ್ನುತ್ತಾಳೆ, ಮೆಲ್ಲಗೆ ಸರಿದು ಕೂರುತ್ತಾಳೆ. ಅದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಒಂದು ದಿನವಾದರೂ ಪಕ್ಕದಲ್ಲೊಬ್ಬರು ಕೂತಿರಲಿ ಅನ್ನಿಸಿತು. ತಲೆ ತಗ್ಗಿಸಿ ಸುಮ್ಮನಾದಳು. ಮುದುಕಿ ಆ ಮೌನವನ್ನೂ ಹರಕೆಯ ಲೆಕ್ಕಕ್ಕೇ ಸೇರಿಸಿಕೊಂಡು ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮಾತು ಬಸ್ಸು ಹತ್ತಿತು. ಮೊದಲು ಹಟ್ಟಿ, ಆಮೇಲೆ ಬರಗೂರು, ಆಮೇಲೆ ಶಿರಾ. ಸತ್ತೇ ಹೋಗುತ್ತಿದ್ದವಳು ಬಾಯಿ ಕಟ್ಟುವ ಹರಕೆ ಹೊತ್ತು ಬದುಕಿದಳಂತೆ. ಬಸ್ಸಿನಲ್ಲಿ ಅವಳಿಗೆ ಸೀಟು ಬಿಟ್ಟುಕೊಡುವವರು ಹುಟ್ಟಿಕೊಂಡರು. ರವಿಕೆ ಹೊಲಿಸಲು ಬಂದವರು ಕೈಕಾಲು ತೊಳೆದುಕೊಂಡು ಜಗಲಿ ಹತ್ತಿದರು. "ನಂಗೆ ನೆಗ್ಡಿ ಕಣಕ್ಕ, ಮೈಲಿಗೆ ಆಗ್ಬುಟ್ಟಾತು, ನಾನು ಇಲ್ಲೇ ನಿಂತ್ಕತೀನಿ," ಎಂದು ಅಂಗಳದಲ್ಲೇ ನಿಂತರು. ದೂರ ನಿಲ್ಲಿ, ಕೈ ತೊಳೆಯಿರಿ, ನೆಗಡಿಯಾದವರು ಬರಬೇಡಿ ಎಂದು ಆಸ್ಪತ್ರೆಯಿಂದ ಬಂದ ದಿನದಿಂದ ಅವಳು ಗೋಗರೆದರೂ ಒಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಡಾಕ್ಟರ ಮಾತಿಗೆ ಇಲ್ಲದ ಬೆಲೆ ಒಬ್ಬ ಮುದುಕಿಯ ಊಹೆಗೆ ಬಂತು.

ಮದುವೆಯ ಕರೆಗಳೂ ಬಂದವು, ಹಿಂದಿಗಿಂತ ಹೆಚ್ಚು. ಬಾಯಿ ಕಟ್ಟಿದವಳು ಸೋಬಾನೆ ಹೇಳಿದರೆ ಹೆಣ್ಣುಮಗಳು ತಣ್ಣಗಿರುತ್ತಾಳಂತೆ. ಈಗ ವಿಡಿಯೋದವನೇ ಅವಳ ಮಾಸ್ಕಿನ ಹತ್ತಿರಕ್ಕೆ ಕ್ಯಾಮೆರಾ ತರುತ್ತಿದ್ದ.

ಅವಳು ಹಾಡಿದಳು. ಹಾಡುವ ಸುಖಕ್ಕೆ ಎಲ್ಲ ಮರೆತುಹೋಯಿತು. ಮನೆಗೆ ಬಂದ ಮೇಲೆ ತಲೆ ಕೆಡುತ್ತಿತ್ತು.

"ನೀನೇನು ಸುಳ್ಳು ಹೇಳಿಲ್ವಲ್ಲ, ಸುಮ್ಕಿರು," ಅಂದ ರಾಜಣ್ಣ.

"ನಿಜಾನೂ ಹೇಳಿಲ್ವಲ್ರೀ."

"ಹೇಳಿದ್ದಾಗ ಏನ್ ಮಾಡುದ್ರು? ಟಿ.ಬಿ. ಅಂದ್ರು. ಈಗ ದೇವ್ರು ಅಂತಾರೆ. ಯಾವ್ದು ವಾಸಿ ನೀನೇ ಹೇಳು."

ಪಾವಗಡದಿಂದ ಅಕ್ಕ ಫೋನು ಮಾಡಿದಳು. ಆ ಕಡೆಯ ತೆಲುಗು ಅವಳ ಬಾಯಲ್ಲಿ ಬೆರೆತುಹೋಗಿತ್ತು. "ಬಾಗುಂದಿ ಕಣೇ ನಿನ್ ಕಥೆ. ಹೊಟ್ಟೆ ಕುಯ್ಸ್ಕಂಡೋಳು ನಾನು, ಹೆಸ್ರು ನಿಮ್ಮೂರ್ ದೇವ್ರಿಗಾ?" ಅಂದು ನಕ್ಕಳು. ನಕ್ಕಳೇನೋ ಸರಿ, ಫೋನಿಟ್ಟ ಮೇಲೆ ಗಂಗಾಲಕ್ಷ್ಮಿಗೆ ಊಟ ಸೇರಲಿಲ್ಲ. ನಾಳೆಯೇ ಎಲ್ಲರಿಗೂ ಹೇಳಿಬಿಡಬೇಕು ಅಂದುಕೊಂಡಳು. ಮರುದಿನ ಐ.ಡಿ.ಹಳ್ಳಿಯಿಂದ ಲಕ್ಕಮ್ಮ ಎಂಬುವಳು ಎಲೆ ಅಡಿಕೆ ತಂದು ಕರೆದಳು, ಕಿರಿಮಗನ ಮದುವೆಗೆ. ಹೇಳುವುದು ಇದೊಂದು ಮದುವೆ ಮುಗಿಯಲಿ ಎಂದು ಮುಂದಕ್ಕೆ ಹೋಯಿತು.

ಐ.ಡಿ.ಹಳ್ಳಿಯಲ್ಲಿ ಮನೆಯ ಮುಂದೆ ಹಸಿರು ಸೋಗೆಯ ಚಪ್ಪರ ಹಾಕಿದ್ದರು. ಅರಿಶಿನ ಶಾಸ್ತ್ರಕ್ಕೆ ಹೆಂಗಸರು ಸೇರುತ್ತಿದ್ದರು. ರಾಜಣ್ಣ ಗಂಡಸರ ಕಡೆ ಕೂತ. ಲಕ್ಕಮ್ಮ ಗಂಗಾಲಕ್ಷ್ಮಿಯನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಚಾಪೆ ಹಾಸಿ ಕೂರಿಸಿದಳು. ಕೋಣೆಯ ಮೂಲೆಯಲ್ಲಿ ಹಿರಿಸೊಸೆ ತೇಜಸ್ವಿನಿ ತಾಂಬೂಲ ಜೋಡಿಸುತ್ತಿದ್ದಳು. ಎಳೆಯ ಹುಡುಗಿ. ಮುಖ ಮಾತ್ರ ಊದಿ ದುಂಡಗಾಗಿತ್ತು. ಆ ಊತವನ್ನು ಗಂಗಾಲಕ್ಷ್ಮಿ ತನ್ನ ಕನ್ನಡಿಯಲ್ಲೇ ಕಂಡವಳು. ಅದು ಮಾತ್ರೆಯ ಊತ.

"ಇವ್ಳೇ ಕಣವ್ವ," ಅಂದಳು ಲಕ್ಕಮ್ಮ. "ಮದ್ವೆಯಾಗಿ ಬಂದ್ ವರ್ಸಕ್ಕೇ ಅದೇನೋ ಕಾಯ್ಲೆ. ಮೈಯೇ ಮೈನ ತಿಂತದಂತೆ. ತುಮಕೂರ್ಗೆ ಓಡಾಡಿ ಓಡಾಡಿ ಸಾಕಾಯ್ತು. ನಿನ್ ಸುದ್ದಿ ಕೇಳ್ದೆ ನೋಡು, ಆವಾಗ್ಲೇ ತೀರ್ಮಾನ ಮಾಡ್ಬುಟ್ಟೆ. ಮದ್ವೆ ಕೆಲ್ಸ ಮುಗ್ದೇಟ್ಗೆ ಇವ್ಳಿಗೂ ಬಾಯಿ ಕಟ್ಟುಸ್ತೀನಿ. ಮಾತ್ರೆ ನಿಲ್ಸಾಯ್ತು."

ಗಂಗಾಲಕ್ಷ್ಮಿ ಚಾಪೆಯ ಮೇಲೆ ಮುಂದಕ್ಕೆ ಸರಿದಳು. "ನಿಲ್ಸಿದ್ರಾ? ಯಾವಾಗ?"

"ನಿನ್ನೆ ಬೆಳಗಿನಿಂದ. ಹರಕೆಗೆ ಔಷ್ದಿ ಬೆರೀಬಾರ್ದಲ್ಲ."

ಈ ಮಾತ್ರೆಗಳನ್ನು ಹಾಗೆ ಸಟ್ಟನೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಡಾಕ್ಟರು ತನಗೆ ಹೆದರಿಸಿ ಹೆದರಿಸಿ ಹೇಳಿದ್ದು ಅವಳಿಗೆ ನೆನಪಿತ್ತು. ಮನುಷ್ಯರು ಹಾಗೇ ಕುಸಿದುಹೋಗುತ್ತಾರೆ. ಹಟ್ಟಿಯ ಪೂಜೆಯ ದಿನ ತಾನು ಬಾಯಿ ಬಿಡದೆ ಕೂತದ್ದು ಇಷ್ಟು ದೂರ ಬಂದು ಈ ಹುಡುಗಿಯ ಮಾತ್ರೆ ಕಿತ್ತುಕೊಂಡಿತ್ತು.

"ಲಕ್ಕಕ್ಕ, ಇಲ್ಲಿ ಕೇಳು. ನಂದು ಹರಕೆ ಅಲ್ಲ. ನಂಗೆ ಕಿಡ್ನಿ ಹಾಕವ್ರೆ. ನಮ್ಮಕ್ಕ ಕೊಟ್ಟಿದ್ದು. ಇದು ಸೋಂಕು ತಗಲ್ದಂಗೆ ಹಾಕ್ಕಳೋ ಮಾಸ್ಕು, ಆಸ್ಪತ್ರೆದು."

ಲಕ್ಕಮ್ಮ ಎಲ್ಲ ತಿಳಿದವಳ ಹಾಗೆ ನಕ್ಕಳು. "ಗೊತ್ತು ಬುಡವ್ವ. ಹರಕೆ ಹೊತ್ತೋರು ಹೂಂ ಅಂತಾರಾ? ಹೇಳ್ಕಂಡ್ರೆ ಫಲ ಹೋಗ್ತದೆ."

ಗಂಗಾಲಕ್ಷ್ಮಿ ಚೀಲದಿಂದ ತನ್ನ ಮಾತ್ರೆಯ ಡಬ್ಬಿ ತೆಗೆದು ಮುಂದಿಟ್ಟಳು. "ನೋಡು, ನಾನೇ ನುಂಗ್ತೀನಿ ದಿನಾ."

"ಜನ್ರ ಕಣ್ಣಿಗೆ ಮಣ್ಣೆರಚಕ್ಕೆ ಡಬ್ಬಿನೂ ಇಟ್ಕಂಡಿದ್ದೀಯ. ಭಲೇ ಹೆಂಗ್ಸು."

ಸೆರಗು ಸರಿಸಿ ಹೊಟ್ಟೆಯ ಮೇಲಿನ ಆಪರೇಷನ್ನಿನ ಗೆರೆ ತೋರಿಸಿದಳು. ಲಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಅಬ್ಬ, ತಿಳಿಯಿತು ಅಂದುಕೊಳ್ಳುವಷ್ಟರಲ್ಲಿ ಅವಳು ಆ ಗೆರೆಗೇ ಕೈಮುಗಿದಳು. "ಇಂಗೆ ಹರಿದಾಕಿದ್ದೋಳ್ನ ಉಳ್ಸವ್ನಲ್ಲ ದೇವ್ರು. ಇನ್ನು ನಮ್ಮುಡ್ಗೀದು ಯಾವ್ ಮಾತು."

ಅಷ್ಟರಲ್ಲಿ ಹೊರಗಿನಿಂದ ಯಾರೋ ಲಕ್ಕಮ್ಮನನ್ನು ಕೂಗಿದರು, ಅವಳು ಎದ್ದು ಹೋದಳು. ತೇಜಸ್ವಿನಿ ಎಲೆ ಜೋಡಿಸುವುದನ್ನು ಬಿಟ್ಟು ಡಬ್ಬಿಯ ಹತ್ತಿರ ಬಂದಳು.

"ಈ ಸಣ್ಣ ಬಿಳೀ ಮಾತ್ರೆ ನಂಗೂ ಕೊಟ್ಟವ್ರೆ ಅಕ್ಕ. ನೀವು ಬಂದ ತಕ್ಷಣ ನಂಗೊತ್ತಾಯ್ತು, ಹರಕೆ ಅಲ್ಲ ಅಂತ."

"ಗೊತ್ತಿದ್ರೆ ಅತ್ತೆಗೆ ಹೇಳ್ಬಾರ್ದೇನವ್ವ?"

"ಹೇಳ್ದೆ. ಓದಿರೋ ಕೊಬ್ಬು ಅಂದ್ರು. ನಮ್ಮನೆಯೋರು ಅಮ್ಮನ ಮಾತು ಮೀರಲ್ಲ. ಡಬ್ಬಿ ಅತ್ತೆ ಬೀರುವಲ್ಲೈತೆ." ಹುಡುಗಿ ಗೋಡೆಗೆ ಕೈಯೂರಿ, "ಬೆಳಿಗ್ಗೆಯಿಂದ ಎದ್ರೆ ಕಣ್ ಕತ್ಲೆ ಬರ್ತದೆ ಅಕ್ಕ," ಅಂದಳು.

ಗಂಗಾಲಕ್ಷ್ಮಿ ತನ್ನ ಡಬ್ಬಿಯ ಮೇಲೆ ಕೈಯಿಟ್ಟಳು, ತೆಗೆದಳು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಎಷ್ಟು ಕೊಡಬೇಕೋ, ಕೊಡಬಹುದೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಕೊಟ್ಟರೂ ಇವತ್ತಿಗಾಯಿತು, ನಾಳೆಗೆ? ಯೋಚನೆ ಮುಗಿಯುವ ಮೊದಲೇ ಇಬ್ಬರು ಹೆಂಗಸರು ಬಂದು, ಶಾಸ್ತ್ರಕ್ಕೆ ಹೊತ್ತಾಯಿತೆಂದು ಅವಳನ್ನು ಕೈಹಿಡಿದು ಚಪ್ಪರಕ್ಕೆ ಕರೆದೊಯ್ದರು.

ಮೈಕು ಕೈಗೆ ಬಂತು. ಮದುವಣಿಗ ಹಸೆಯ ಮೇಲೆ ಕೂತ. ಅವಳು ಶುರು ಮಾಡಿದಳು. ದನಿಯೇನೋ ಹೊರಟಿತು, ಅರಿಶಿನ ಹಚ್ಚುವ ಹಾಡಿನ ನಡುವೆ ಸಾಲೊಂದು ಜಾರಿತು. ಯಾವತ್ತೂ ಹಾಗೆ ಆದದ್ದಿಲ್ಲ. ಹಿಂದೆ ಸೊಲ್ಲು ಹಿಡಿಯುವ ಹೆಂಗಸರು ಮುಖ ಮುಖ ನೋಡಿಕೊಂಡರು. ಎದುರಿಗೆ ತೇಜಸ್ವಿನಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು, ಒಂದು ಕೈ ಚಪ್ಪರದ ಬಿದಿರು ಗಳುವಿನ ಮೇಲೆ. ನೋಡುತ್ತಿದ್ದ ಹಾಗೇ ಹುಡುಗಿ ಗಳುವಿಗೆ ಒರಗಿ ಮೆಲ್ಲಗೆ ಜಾರಿ ನೆಲಕ್ಕೆ ಕೂತಳು. ಬಟ್ಟಲು ಚೆಲ್ಲಿತು.

"ಉಪವಾಸ ಇದ್ಲು, ಅದ್ಕೇ," ಅಂದಳು ಲಕ್ಕಮ್ಮ. "ನೀನು ಹಾಡವ್ವ."

ಗಂಗಾಲಕ್ಷ್ಮಿ ಹಾಡಲಿಲ್ಲ. ನಿಜ ಹೇಳಿ ಆಗಿತ್ತು. ಡಬ್ಬಿ ತೋರಿಸಿ, ಹೊಟ್ಟೆ ತೋರಿಸಿ ಆಗಿತ್ತು. ತೋರಿಸಿದ್ದೆಲ್ಲ ದೇವರ ಪಾದಕ್ಕೇ ಹೋಗಿ ಬಿದ್ದಿತ್ತು. ಮೈಕು ಕೈಯಲ್ಲೇ ಇತ್ತು. ಅವಳ ಬಾಯಿಂದ ಮಾತು ತಾನಾಗಿ ಬಂತು, ಅದು ತನ್ನದೇ ದನಿಯೋ ಅಲ್ಲವೋ ಎಂದು ಅವಳಿಗೇ ಅನುಮಾನವಾಯಿತು.

"ಎಲ್ರೂ ಕೇಳಿ. ನಂದು ಹರಕೆನೇ. ಅದಕ್ಕೊಂದು ಕಟ್ಟಳೆ ಐತೆ. ಬಾಯಿ ಕಟ್ಟೋಳು ಡಾಕ್ಟ್ರು ಬರ್ಕೊಟ್ಟ ಮಾತ್ರೇನ ಹೊತ್ತೊತ್ತಿಗೆ ನುಂಗ್ಬೇಕು. ತಪ್ಪುದ್ರೆ ದೋಷ ಅವ್ಳಿಗಲ್ಲ, ತಪ್ಸಿದೋರ್ಗೆ. ಆ ಮನೇಲಿ ಶುಭಕಾರ್ಯ ಕೂಡಲ್ಲ."

ಲಕ್ಕಮ್ಮ ಹಸೆಯ ಮೇಲಿದ್ದ ಕಿರಿಮಗನನ್ನೊಮ್ಮೆ ನೋಡಿದಳು. ಮರುಗಳಿಗೆ ಒಳಗೋಡಿ ಬೀರುವಿನಿಂದ ಡಬ್ಬಿ ತಂದಳು. ಒಬ್ಬಳು ನೀರು ತಂದಳು, ಇನ್ನೊಬ್ಬಳು ಹುಡುಗಿಯ ತಲೆ ಎತ್ತಿ ಹಿಡಿದಳು. "ತುಮಕೂರಿನ ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡಿ, ತಪ್ಪಿರೋದನ್ನ ಹೇಳಿ ಕೇಳ್ಬೇಕು. ಅದೂ ಕಟ್ಟಳೆನೇ," ಅಂದಳು ಗಂಗಾಲಕ್ಷ್ಮಿ. ಅಮ್ಮನ ಮಾತು ಮೀರದ ಹಿರಿಮಗ ಅಮ್ಮನೇ ಕಣ್ಸನ್ನೆ ಮಾಡಿದ ಮೇಲೆ ಫೋನು ಮಾಡಿದ. ಡಾಕ್ಟರು ಆ ಕಡೆಯಿಂದ ಬೈದದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತು. ಮಧುಗಿರಿಯ ಆಸ್ಪತ್ರೆಗೆ ಕರೆದೊಯ್ದು ಒಂದು ದಿನ ಇರಿಸಿ ಅಂದರು. ಮದುವೆಗೆಂದು ಬಂದಿದ್ದ ಕಾರಿನಲ್ಲೇ ಕರೆದುಕೊಂಡು ಹೋದರು.

ಆಮೇಲೆ ಅವಳು ಹಾಡಿದಳು. ಹಾಡಲೇಬೇಕಾಯಿತು. ಒಂದು ಸಾಲೂ ಜಾರಲಿಲ್ಲ. ಅಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ ಎಂದು ಜನ ಅಂದರು. ಸುಳ್ಳು ಹೇಳಿದ ಬಾಯಿಂದಲೇ ಅದು ಹೇಗೆ ಬಂತೆಂದು ಅವಳಿಗೆ ತಿಳಿಯಲಿಲ್ಲ.

ಶಿರಾದ ಬಸ್ಸಿನಲ್ಲಿ ರಾಜಣ್ಣ ಟಿಕೆಟ್ಟು ಮಡಿಸಿ ಜೇಬಿಗಿಟ್ಟ. "ಆ ಹುಡ್ಗಿ ಬದುಕ್ಕಂತು ಬುಡು," ಅಂದ.

"ನಮ್ಮಕ್ಕಂಗೆ ಏನ್ ಹೇಳ್ಲಿ?"

"ಅವ್ಳಿಗ್ಯಾಕೆ ಹೇಳ್ತೀಯ?"

"ಅವ್ಳ್ದೇ ಅಲ್ವೇನ್ರೀ ಒಳ್ಗಿರೋದು."

ಅಕ್ಕನಿಗೆ ಅವಳೇ ಫೋನು ಮಾಡಿ ಎಲ್ಲ ಹೇಳಿದಳು. ಅಕ್ಕ ಈ ಸಲ ನಗಲಿಲ್ಲ. "ನಾನಾಗಿದ್ರೂ ಅಂಗೇ ಅಂತಿದ್ನೇನೋ," ಅಂದಳು. ಮತ್ತೆ ತಾನೇ, "ಅಂತಿರ್ಲಿಲ್ವೇನೋ. ಗೊತ್ತಿಲ್ಲ ಕಣೇ," ಅಂದಳು.

ತೇಜಸ್ವಿನಿ ಚೇತರಿಸಿಕೊಂಡಳು. ಅವಳೂ ಈಗ ಮಾಸ್ಕು ಹಾಕುತ್ತಾಳೆ. ಅತ್ತೆ ಬೆಳಿಗ್ಗೆ ಎದ್ದು ದೀಪ ಹಚ್ಚಿ, ಮಾತ್ರೆಯನ್ನು ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ತೋರಿಸಿ ಸೊಸೆಯ ಕೈಗೆ ಕೊಡುತ್ತಾಳೆ. ದೊಡ್ಡ ಆಸ್ಪತ್ರೆಯ ನರ್ಸು ಕೂಡ ಅಷ್ಟು ನಿಯಮವಾಗಿ ಕೊಡಲಾರಳು. ಆದರೆ ಲಕ್ಕಮ್ಮನ ಫೋನು ನಿಲ್ಲಲಿಲ್ಲ. ಮಾತ್ರೆ ನುಂಗಿ ಮೊಸರನ್ನ ತಿನ್ನಬಹುದಾ, ಅಮಾವಾಸ್ಯೆ ದಿನ ಎರಡು ನುಂಗಿದರೆ ಬೇಗ ಗುಣವಾಗುತ್ತದಾ, ಹೀಗೆ. ಒಂದು ಸಂಜೆ ದನಿಯಲ್ಲಿ ಗಾಬರಿಯಿತ್ತು.

"ಗಂಗವ್ವ, ಒಂದೊತ್ತು ಮರ್ತೋಯ್ತು ಕಣೇ. ತಪ್ಪೊಪ್ಪಿಗೆಗೆ ಕೋಳಿ ಬುಡ್ಲಾ?"

"ಕೋಳಿ ಬ್ಯಾಡ. ಡಾಕ್ಟ್ರಿಗೆ ಫೋನ್ ಮಾಡು."

"ದೇವ್ರ ವಿಷ್ಯಕ್ಕೆ ಡಾಕ್ಟ್ರ್ಯಾಕೆ?"

ಗಂಗಾಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. "ಅವ್ರನ್ನೇ ಕೇಳು ಅಂತ ದೇವ್ರೇ ಅಂದೈತೆ."

ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದ ರಾಜಣ್ಣ ಜಗಲಿಯ ಅಂಚಿನಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ. "ಇನ್ನೆಷ್ಟು ದಿನ ಇಂಗೆ ದೇವ್ರ ವಕಾಲತ್ತು?"

"ಆ ಹುಡ್ಗಿ ಮಾತ್ರೆ ನುಂಗೋವರ್ಗೂ."

"ಅದು ಸಾಯೋಗಂಟ ನುಂಗೋದು ಅಂತ ನೀನೇ ಹೇಳ್ದಲ್ಲೇ."

ಅವಳು ಅದನ್ನು ಯೋಚಿಸಿರಲಿಲ್ಲ. ಮಿಷನ್ನಿನ ಮೇಲಿದ್ದ ರವಿಕೆಯನ್ನು ಸುಮ್ಮನೆ ಆ ಮಗ್ಗುಲು ಈ ಮಗ್ಗುಲು ತಿರುಗಿಸಿದಳು. ಫೋನು ಮತ್ತೆ ಬಡಿಯಿತು. ಗುರುತಿಲ್ಲದ ನಂಬರು. ಕೊರಟಗೆರೆಯಿಂದ ಯಾರೋ ಹೆಂಗಸು, ಮಗನಿಗೆ ಹುಷಾರಿಲ್ಲವಂತೆ, ಬಾಯಿ ಕಟ್ಟಿದರೆ ಸಾಕಾ, ಮಾತ್ರೆಯೂ ಬೇಕಾ ಎಂದು ಕೇಳಿದಳು.

"ಮಾತ್ರೆ ಬೇಕೇ ಬೇಕು," ಅಂದಳು ಗಂಗಾಲಕ್ಷ್ಮಿ. ಆಮೇಲೆ ಏನನ್ನಿಸಿತೋ, ಇನ್ನೊಂದು ಸಲ ನೋಡೇಬಿಡೋಣ ಅಂದುಕೊಂಡು ಉಸಿರೆಳೆದು ಹೇಳಿದಳು: "ನೋಡಮ್ಮ, ನಂದು ಹರಕೆ ಅಲ್ಲ. ನಂಗೆ ಕಾಯ್ಲೆ ಐತೆ. ನಮ್ಮಕ್ಕ ಕಿಡ್ನಿ ಕೊಟ್ಟು ಉಳ್ಸವ್ಳೆ."

ಆ ಹೆಂಗಸು ಗುಟ್ಟು ಕಾಯುವವಳ ಹಾಗೆ ತಗ್ಗಿದ ದನಿಯಲ್ಲಿ ಅಂದಳು:

"ಸರಿ ಬುಡಕ್ಕ. ಯಾರು ಕೇಳುದ್ರೂ ನಾನೂ ಅಂಗೇ ಹೇಳ್ತೀನಿ."